ಕಾಡಿನ ಸೀಸನ್ ಕೆಲಸ ಬೇಕಾದರೆ ಫೆಬ್ರವರಿಯಲ್ಲಿ ಕೇಳಬೇಡಿ

ಪ್ರಶ್ನೆ: ನಾನು ಬ್ರಹ್ಮಾವರದವಳು. ಕಳೆದ ವರ್ಷ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಎಂಎಸ್ಸಿ ಮುಗಿಸಿದೆ. ವನ್ಯಜೀವಿ ಸಂಶೋಧನೆಯ ಫೀಲ್ಡ್ ಕೆಲಸಕ್ಕೆ ಸೇರಬೇಕು ಅಂತ ಫೆಬ್ರವರಿ, ಮಾರ್ಚ್‌ನಲ್ಲಿ ಸಿಕ್ಕ ಸಿಕ್ಕ ಸಂಸ್ಥೆಗಳಿಗೆಲ್ಲ ಬಯೋಡೇಟಾ ಕಳಿಸಿದೆ. ಫೀಲ್ಡ್ ಅನುಭವ ನನಗಿಲ್ಲ. ಹೆಚ್ಚಿನವರು ಉತ್ತರವನ್ನೇ ಕೊಡಲಿಲ್ಲ. ಒಂದು ಕಡೆಯವರು ತಿಂಗಳ ಇಂಟರ್ನ್‌ಶಿಪ್‌ಗೆ ನಾನೇ ದುಡ್ಡು ಕೊಡಬೇಕು ಅಂದರು. ಮನೆಯಲ್ಲಿ "ಆರು ತಿಂಗಳ ಕೆಲಸ ಎಂತ ಕೆಲಸ, ಬಿಎಡ್ ಮಾಡು" ಅನ್ನುತ್ತಾರೆ. ಹುಡುಗಿಯನ್ನು ಕಾಡಿಗೆ ಕಳಿಸುವ ಹೆದರಿಕೆಯೂ ಇದೆ. ಇದರ ಮಧ್ಯೆ ನಮ್ಮ ಮೇಷ್ಟ್ರ ಸಣ್ಣ ಪ್ರಾಜೆಕ್ಟ್ ಒಂದು ಹೆಬ್ರಿ ಕಡೆ ಶುರುವಾಗಬಹುದು, ಆದರೆ ಊರಿನ ಸಹಾಯಕರನ್ನು ನೀನೇ ಹುಡುಕಬೇಕು ಅಂದಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಬಯೋಡೇಟಾದಲ್ಲಿ ದೋಷ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ಆದರೆ ತಿಂಗಳು ಮಾತ್ರ ಖಂಡಿತ ತಪ್ಪಿದೆ. ಫೆಬ್ರವರಿಯಲ್ಲಿ ಜನ ತೆಗೆದುಕೊಳ್ಳುವವರೆಲ್ಲ ಕಾಡಿನೊಳಗೆ ಇರುತ್ತಾರೆ ಮಾರಾಯ್ರೆ. ಅವರ ತಂಡ ಆಗಲೇ ತುಂಬಿರುತ್ತದೆ. ವಾರಕ್ಕೊಮ್ಮೆ ಅಕ್ಕಿ, ಬ್ಯಾಟರಿ ತರಲು ಪೇಟೆಗೆ ಇಳಿದಾಗ ಮೊಬೈಲ್ ತೆರೆದರೆ ನೂರಾರು ಮೇಲ್ ಬಂದಿರುತ್ತವೆ, ಅದರಲ್ಲಿ ನಿಮ್ಮದೂ ಒಂದು. ನಾನೂ ಇಂಥ ತಂಡಗಳಿಗೆ ಜನ ತೆಗೆದುಕೊಳ್ಳುವ ಕೆಲಸ ಮಾಡುವವನು, ಆ ತಿಂಗಳಲ್ಲಿ ಬಂದ ಬಯೋಡೇಟಾ ಓದುವುದು ಕಡಿಮೆ.

ನಮ್ಮ ಕಡೆ ಅತಿ ಜಾಸ್ತಿ ಜನ ಬೇಕಾಗುವುದು ಕ್ಯಾಮೆರಾ ಟ್ರ್ಯಾಪ್ ಕೆಲಸಕ್ಕೆ, ಅಂದರೆ ಪ್ರಾಣಿ ಎದುರು ಬಂದಾಗ ತಾನೇ ಫೋಟೋ ತೆಗೆಯುವ ಕ್ಯಾಮೆರಾ ಕಟ್ಟುವ ಕೆಲಸಕ್ಕೆ. ಮಳೆ ಪೂರ್ತಿ ನಿಂತು, ಹಳ್ಳ ಇಳಿದು, ಜೀಪ್ ದಾರಿ ಒಣಗಿದ ಮೇಲೆ, ಅಂದರೆ ಹೆಚ್ಚುಕಡಿಮೆ ಡಿಸೆಂಬರ್‌ನಿಂದ ಮೇ ತನಕ ಅದರ ಸೀಸನ್. ಒಂದೊಂದು ಜಾಗದಲ್ಲೂ ದಾರಿಯ ಎರಡು ಬದಿಗೆ ಎದುರುಬದುರಾಗಿ ಎರಡು ಕ್ಯಾಮೆರಾ ಕಟ್ಟುತ್ತಾರೆ, ಯಾಕೆಂದರೆ ಒಂದೊಂದು ಹುಲಿಯನ್ನು ಗುರುತಿಸುವುದು ಪಟ್ಟೆಯಿಂದ, ಅದರ ಎಡಮೈ ಪಟ್ಟೆ ಬೇರೆ, ಬಲಮೈ ಪಟ್ಟೆ ಬೇರೆ. ಮತ್ತೆ ಸಂಖ್ಯೆಯ ಲೆಕ್ಕ ಹಾಕುವಾಗ, ಕ್ಯಾಮೆರಾ ಇದ್ದಷ್ಟು ದಿನ ಆ ಕಾಡಿನಲ್ಲಿ ಯಾವುದೂ ಹುಟ್ಟಲಿಲ್ಲ, ಸಾಯಲಿಲ್ಲ, ಹೊಸದು ಬರಲಿಲ್ಲ, ಇದ್ದದ್ದು ಬಿಟ್ಟು ಹೋಗಲಿಲ್ಲ ಅಂತ ಇಟ್ಟುಕೊಳ್ಳಬೇಕಾಗುತ್ತದೆ. ತಿಂಗಳುಗಟ್ಟಲೆ ಎಳೆದರೆ ಆ ಮಾತು ನಿಲ್ಲುವುದಿಲ್ಲ. ಅದಕ್ಕೇ ಒಂದು ಪ್ರದೇಶದ ಕೆಲಸವನ್ನು ಸಾಮಾನ್ಯವಾಗಿ 45ರಿಂದ 60 ದಿನದೊಳಗೆ ಮುಗಿಸಿ ಮುಂದಿನ ಪ್ರದೇಶಕ್ಕೆ ಹೋಗುತ್ತಾರೆ. ಕಡಿಮೆ ದಿನ, ಜಾಸ್ತಿ ಜನ. ಮನೆಯವರಿಗೆ ಇದನ್ನೇ ಹೇಳಿ, ಆರು ತಿಂಗಳ ಕೆಲಸ ಅನ್ನುವುದು ಸಂಸ್ಥೆಯವರ ಜಿಪುಣತನ ಅಲ್ಲ, ಕೆಲಸ ಇರುವುದೇ ಅಷ್ಟು ದಿನ.

ಈ ತಂಡಗಳಿಗೆ ಜನ ತೆಗೆದುಕೊಳ್ಳುವುದು ಸೆಪ್ಟೆಂಬರ್‌ನಿಂದ ನವೆಂಬರ್ ಒಳಗೆ. ನೀವು ಮೇಲ್ ಹಾಕಬೇಕಾದ್ದು ಆಗ. ಕಪ್ಪೆಯವರದ್ದು ಪೂರ್ತಿ ಉಲ್ಟಾ, ಕೆಲಸ ಜೂನ್‌ನಿಂದ ಸೆಪ್ಟೆಂಬರ್, ಜನ ಹುಡುಕುವುದು ಏಪ್ರಿಲ್, ಮೇಯಲ್ಲಿ. ಅಳಿವೆಗೆ ಬರುವ ವಲಸೆ ಹಕ್ಕಿಗಳ ಕೆಲಸ ಮಳೆಗಾಲ ಮುಗಿಯುವಾಗ ಶುರುವಾಗಿ ಬೇಸಿಗೆ ಬರುವ ತನಕ. ಕಡಲಾಮೆ ನಮ್ಮ ಕರಾವಳಿಯಲ್ಲಿ ಮೊಟ್ಟೆ ಇಡುವುದು ಚಳಿಗಾಲದಲ್ಲಿ. ಇದರ ಮೇಲೆ ನಾಲ್ಕು ವರ್ಷಕ್ಕೊಮ್ಮೆ ದೇಶಾದ್ಯಂತ ಹುಲಿ ಗಣತಿ ಬರುತ್ತದೆ. 2006ರಲ್ಲಿ ಈಗಿನ ಕ್ರಮ ಶುರುವಾಯಿತು, ಆಮೇಲೆ 2010, 2014, 2018, 2022, ಈಗ 2026. ಗಣತಿಯ ಆಚೀಚೆ ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆ ಗುತ್ತಿಗೆ ಮೇಲೆ ಪ್ರಾಜೆಕ್ಟ್ ಸಿಬ್ಬಂದಿಯನ್ನು ತೆಗೆದುಕೊಳ್ಳುತ್ತದೆ. ಅವರ ಜಾಲತಾಣ ನೋಡುತ್ತಿರಬೇಕು.

ಎಲ್ಲಿ ಹುಡುಕುವುದು ಅಂದರೆ, ಹೆಸರುಗಳು ನಿಮಗೆ ಗೊತ್ತೇ ಇರಬಹುದು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್, ಬೆಂಗಳೂರಿನ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್, ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ), ಐಐಎಸ್‌ಸಿಯ ಪರಿಸರ ವಿಜ್ಞಾನ ಕೇಂದ್ರ, ಕೊಯಮತ್ತೂರಿನ ಸಾಕಾನ್ (ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರ). ನಿಮಗೆ ಹತ್ತಿರ ಅಂದರೆ ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರ, ಹಾವು ತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಶುರುಮಾಡಿದ್ದು, ಕಾಳಿಂಗ ಸರ್ಪದ ಮೈಯಲ್ಲಿ ರೇಡಿಯೋ ಟ್ರಾನ್ಸ್‌ಮಿಟರ್ ಇಟ್ಟು ಅದರ ಹಿಂದೆ ಹೋದ ಕೆಲಸಕ್ಕೆ ಹೆಸರಾದದ್ದು. ಆದರೆ ಪ್ರಕಟಣೆಗೆ ಕಾದು ಕೂತರೆ ಅರ್ಧ ಕೆಲಸ ಕೈ ತಪ್ಪುತ್ತದೆ. ಸೀಸನ್ ಕೆಲಸದ ಬಹುಪಾಲು ಬಾಯಿಂದ ಬಾಯಿಗೇ ಹೋಗುವುದು. "ನಿಮ್ಮಲ್ಲಿ ಯಾರಾದರೂ ಇದ್ದಾರಾ" ಅಂತ ಒಬ್ಬರು ಫೋನ್ ಮಾಡುತ್ತಾರೆ, ಇನ್ನೊಬ್ಬರು ಹೋದ ವರ್ಷ ಚೆನ್ನಾಗಿ ಮಾಡಿದವರ ನಂಬರ್ ಕೊಡುತ್ತಾರೆ, ಮುಗಿಯಿತು.

ಆ ಬಾಯಿಮಾತಿನ ಒಳಗೆ ಸೇರಲು ಒಂದು ದಾರಿ ಇದೆ. ಪಶ್ಚಿಮ ಘಟ್ಟದ ಮೇಲೆ ಇತ್ತೀಚೆಗೆ ಬಂದ ನಾಲ್ಕೈದು ಸಂಶೋಧನಾ ಪ್ರಬಂಧ ತೆಗೆಯಿರಿ. ಮೊದಲು ಕೊನೆಯ ಕೃತಜ್ಞತೆಯ ಪ್ಯಾರಾ ಓದಿ. ಅಲ್ಲಿ ಫೀಲ್ಡ್ ಅಸಿಸ್ಟೆಂಟ್‌ಗಳ ಹೆಸರು ಇರುತ್ತದೆ. ದೊಡ್ಡ ವಿಜ್ಞಾನಿಗೆ ಬರೆಯುವ ಮೊದಲು ಅವರಲ್ಲಿ ಒಬ್ಬರನ್ನು ಹುಡುಕಿ ಮಾತಾಡಿಸಿ. ಊಟ ಹೇಗಿತ್ತು, ಸಂಬಳ ಸರಿಯಾಗಿ ಬಂತಾ, ಮುಂದಿನ ಸೀಸನ್ ಯಾವಾಗ, ಯಾರನ್ನು ಕೇಳಬೇಕು, ಎಲ್ಲ ಹೇಳುತ್ತಾರೆ. ಕೃತಜ್ಞತೆಯಲ್ಲಿ ಒಬ್ಬ ಸಹಾಯಕರ ಹೆಸರೂ ಇಲ್ಲದ ಪ್ರಬಂಧ ಕಂಡರೆ ಅದೂ ಒಂದು ಮಾಹಿತಿಯೇ.

ಇನ್ನು ಮೇಲ್ ವಿಷಯ. "ಚಿಕ್ಕಂದಿನಿಂದ ನನಗೆ ಪ್ರಾಣಿಗಳೆಂದರೆ ಪ್ರಾಣ" ಅನ್ನುವ ಸಾಲನ್ನು ಅಳಿಸಿ. ಎಲ್ಲರೂ ಅದನ್ನೇ ಬರೆಯುತ್ತಾರೆ, ಓದುವವರಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಮೊದಲ ಎರಡು ಸಾಲಿನಲ್ಲಿ ನಾನು ಹುಡುಕುವುದು ಇಷ್ಟು: ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಬಿಡುವಿದ್ದೀರಿ, ಮಧ್ಯದಲ್ಲಿ ಪರೀಕ್ಷೆ, ಮದುವೆ, ಇಂಟರ್‌ವ್ಯೂ ಅಂತ ಬಿಟ್ಟು ಹೋಗುತ್ತೀರಾ, ಯಾವ ಭಾಷೆ ಬರುತ್ತದೆ, ಬೈಕ್ ಓಡಿಸುತ್ತೀರಾ. "ನವೆಂಬರ್ 15ರಿಂದ ಮೇ ಕೊನೆಯವರೆಗೆ ಪೂರ್ತಿ ಬಿಡುವಿದ್ದೇನೆ. ಕನ್ನಡ, ತುಳು, ಕುಂದಾಪ್ರ ಕನ್ನಡ ಬರುತ್ತದೆ. ಗೇರ್ ಬೈಕ್ ಲೈಸೆನ್ಸ್ ಇದೆ" ಅಂತ ಬರೆದವರಿಗೆ ಅದೇ ದಿನ ಫೋನ್ ಹೋಗುತ್ತದೆ, ನೋಡಿ. ಅರ್ಧ ಸೀಸನ್‌ನಲ್ಲಿ ಬಿಟ್ಟುಹೋಗುವವರ ಜಾಗಕ್ಕೆ ಹೊಸಬರನ್ನು ತಂದು, ಕಲಿಸಿ, ಅರಣ್ಯ ಇಲಾಖೆಯ ಪರ್ಮಿಟ್‌ಗೆ ಹೆಸರು ಸೇರಿಸುವಷ್ಟರಲ್ಲಿ ಸೀಸನ್ನೇ ಮುಗಿಯುತ್ತದೆ. ಹಾಗಾಗಿ ನಿಲ್ಲುತ್ತೇನೆ ಅನ್ನುವುದು ದೊಡ್ಡ ಅರ್ಹತೆ.

ಭಾಷೆಯನ್ನು ಸಣ್ಣದು ಅಂದುಕೊಳ್ಳಬೇಡಿ. ಘಟ್ಟದ ಬುಡದ ಊರುಗಳಲ್ಲಿ ಮನೆಮನೆಗೆ ಹೋಗಿ ಹಂದಿ, ಮಂಗ, ಕಾಟಿ ಎಷ್ಟು ಹಾಳು ಮಾಡಿದವು, ಪರಿಹಾರ ಸಿಕ್ಕಿತಾ ಅಂತ ಕೇಳುವ ಸಮೀಕ್ಷೆಗಳಿವೆ. ಬೇರೆ ರಾಜ್ಯದಿಂದ ಬಂದ ಒಳ್ಳೇ ವಿದ್ಯಾರ್ಥಿ ದುಭಾಷಿಯನ್ನು ಇಟ್ಟುಕೊಂಡು ಕೇಳಿದಾಗ "ಇಲ್ಲ, ಎಂತದ್ದೂ ತೊಂದರೆ ಇಲ್ಲ" ಅನ್ನುವ ಅಜ್ಜ, ತುಳುವಿನಲ್ಲಿ ಯಾರ ಮನೆಯವಳು ನೀನು ಅಂತ ಶುರುವಾದರೆ ಬಾಳೆತೋಟದ ಹಿಂದೆ ಕರೆದುಕೊಂಡು ಹೋಗಿ ಉರುಳು ಎಲ್ಲಿ ಇಟ್ಟಿದ್ದರು ಅಂತಲೂ ತೋರಿಸುತ್ತಾನೆ. ನಿಮ್ಮ ಎಂಎಸ್ಸಿ ಅಂಕಪಟ್ಟಿಗಿಂತ ಇದು ಜಾಸ್ತಿ ಕೆಲಸಕ್ಕೆ ಬರುತ್ತದೆ. ಪದವಿ ಯಾವುದು ಅನ್ನುವ ತಲೆಬಿಸಿಯೂ ಬೇಡ. ಹುಲಿಗಳನ್ನು ಪಟ್ಟೆ ನೋಡಿ ಎಣಿಸುವ ಕ್ರಮವನ್ನು ನಾಗರಹೊಳೆಯಲ್ಲಿ ಬೆಳೆಸಿದ ಉಲ್ಲಾಸ ಕಾರಂತರು ಮೊದಲು ಓದಿದ್ದು ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್.

ಅನುಭವ ಇಲ್ಲ ಅನ್ನುತ್ತೀರಿ. ನೀವು ಇರುವ ಜಾಗ ನೋಡಿಕೊಂಡು ಈ ಮಾತು ಹೇಳುತ್ತಿದ್ದೀರಾ? ಮಣಿಪಾಲದ ಸುತ್ತಿನ ಮುರಕಲ್ಲಿನ ಪಾರೆಯಲ್ಲಿ ಸಿಕ್ಕಿದ ಪುಟ್ಟ ಕಪ್ಪೆ ಹೊಸ ಪ್ರಭೇದ ಅಂತ 2016ರಲ್ಲಿ ಪ್ರಕಟವಾಯಿತು, ಮೈಕ್ರೋಹೈಲಾ ಲ್ಯಾಟರೈಟ್ ಅಂತ ಹೆಸರು. ಎರಡು ವರ್ಷ ಆದಮೇಲೆ ಮಂಗಳೂರು ನಗರದ ಹತ್ತಿರದಿಂದಲೇ ಮೈಕ್ರೋಹೈಲಾ ಕೊಡಿಯಾಲ್ ಬಂತು. ಎರಡು ಕಪ್ಪೆಯೂ ಹುಲಿ ಇರುವ ಕಾಡಿನಿಂದ ಬಂದವಲ್ಲ, ಜನ ಕಸ ಹಾಕುವ, ಮಣ್ಣು ತೆಗೆಯುವ, ಸೈಟ್ ಮಾಡುವ ಜಾಗದಿಂದ ಬಂದವು. ಈಗ ಜೂನ್. ಮನೆ ಹತ್ತಿರ ಮಳೆನೀರು ನಿಲ್ಲುವ ಒಂದು ಪಾರೆಯನ್ನೋ ಗದ್ದೆಯನ್ನೋ ಹಿಡಿಯಿರಿ. ಜಾಗದವರನ್ನು ಕೇಳಿ, ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ, ವಾರಕ್ಕೊಂದು ರಾತ್ರಿ ಒಂದೇ ಹೊತ್ತಿಗೆ, ಅದೇ ಜಾಗದಲ್ಲಿ ಅರ್ಧ ಗಂಟೆ ಕೂತು ಕೂಗುವ ಕಪ್ಪೆಗಳನ್ನು ಬರೆದುಕೊಳ್ಳಿ. ಹಿಡಿಯುವುದು ಬೇಡ, ಕೇಳಿದರೆ ಸಾಕು.

ಬರೆಯುವುದು ಹೇಗೆ ಅನ್ನುವುದರಲ್ಲೇ ಎಲ್ಲ ಇದೆ. ಪೆನ್ ಬೇಡ, ಪೆನ್ಸಿಲ್, ಯಾಕೆಂದರೆ ಒದ್ದೆ ಹಾಳೆಯಲ್ಲಿ ಶಾಯಿ ಹರಡುತ್ತದೆ. ಮೇಲೆ ತಾರೀಕು, ಶುರುವಾದ ಹೊತ್ತು, ಮುಗಿದ ಹೊತ್ತು, ಜಿಪಿಎಸ್ ಅಂಕೆ, ಮಳೆ ಇತ್ತಾ ಇಲ್ಲವಾ, ಬರೆದವರು ಯಾರು. ಕೆಳಗೆ ಪ್ರಭೇದ, ಎಷ್ಟು ಕೂಗುತ್ತಿದ್ದವು. ಗೊತ್ತಾಗದ ಕೂಗು ಇದ್ದರೆ "ಗೊತ್ತಿಲ್ಲ 1" ಅಂತ ಬರೆದು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ, ಅಂದಾಜಿನ ಹೆಸರು ಹಾಕಬೇಡಿ. ಒಂದೂ ಕೂಗದ ರಾತ್ರಿ ಸೊನ್ನೆ ಅಂತ ಬರೆಯಿರಿ. ಖಾಲಿ ಬಿಟ್ಟರೆ ಕಪ್ಪೆ ಇರಲಿಲ್ಲವೋ ನೀವೇ ಹೋಗಲಿಲ್ಲವೋ ಅಂತ ಆರು ತಿಂಗಳ ನಂತರ ಯಾರಿಗೂ ತಿಳಿಯುವುದಿಲ್ಲ. ಹೊಸಬರ ಹಾಳೆಯಲ್ಲಿ ನಾನು ಮೊದಲು ನೋಡುವುದು ಈ ಸೊನ್ನೆಗಳನ್ನೇ. ಸೆಪ್ಟೆಂಬರ್‌ನಲ್ಲಿ ಮೇಲ್ ಹಾಕುವಾಗ ಇಂಥ ಎರಡು ಹಾಳೆಯ ಫೋಟೋ ಲಗತ್ತಿಸಿ, ಹತ್ತು ವರ್ಕ್‌ಶಾಪ್ ಸರ್ಟಿಫಿಕೇಟ್‌ಗಿಂತ ಭಾರ.

ಚಳಿಗಾಲದಲ್ಲಿ ಕೋಡಿ ಬೇಂಗ್ರೆ ಅಳಿವೆಯಲ್ಲಿ ಹಕ್ಕಿ ನೋಡಿ, ಹಕ್ಕಿ ದಾಖಲೆಯ ಜಾಲತಾಣ ಇ-ಬರ್ಡ್‌ಗೆ ಪಟ್ಟಿ ಹಾಕಿ. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತದೆ, ಅದಕ್ಕೆ ಸೇರಿಕೊಳ್ಳಿ. ಕುಂದಾಪುರದ ಕೋಡಿ ಕಡಲತೀರದಲ್ಲಿ ಆಮೆ ಮೊಟ್ಟೆ ಕಾಯುವ ಊರಿನವರಿದ್ದಾರೆ, ಅರಣ್ಯ ಇಲಾಖೆಯವರ ಮೂಲಕ ಕೇಳಿ ನೋಡಿ.

ಹಾಗಾಗಿ ದುಡ್ಡು ಕೊಟ್ಟು ಇಂಟರ್ನ್‌ಶಿಪ್‌ಗೆ ಹೋಗಬೇಕಾ ಅನ್ನುವ ಪ್ರಶ್ನೆಗೆ ನನ್ನ ಉತ್ತರ ನೇರ. ಯಾರಾದರೂ ಕೂತು ಕಲಿಸುವ ಕೋರ್ಸ್ ಆದರೆ ಫೀ ಕೇಳುವುದು ನ್ಯಾಯ. ಅವರ ಪ್ರಾಜೆಕ್ಟ್‌ನ ಡೇಟಾ ತರುವುದು ನೀವು, ದುಡ್ಡು ಕೊಡುವುದೂ ನೀವೇ ಅಂದರೆ ಹೋಗಬೇಡಿ. ಊಟ ವಸತಿ ಕೊಟ್ಟು ಸಂಬಳ ಇಲ್ಲದ ವಾಲಂಟಿಯರ್ ಕೆಲಸ ಮಧ್ಯದ್ದು. ಒಂದು ತಿಂಗಳು ಮಾಡಬಹುದು, ಸೀಸನ್ ಪೂರ್ತಿ ಮಾಡುವುದು ಮನೆಯಲ್ಲಿ ದುಡ್ಡಿರುವವರಿಗೆ ಮಾತ್ರ ಸಾಧ್ಯ, ಅದಕ್ಕೇ ಈ ಕ್ಷೇತ್ರದಲ್ಲಿ ಅಂಥವರೇ ಜಾಸ್ತಿ ಕಾಣುವುದು.

ಯಾವ ಕೆಲಸ ಆದರೂ ಪರ್ಮಿಟ್‌ನಲ್ಲಿ ನಿಮ್ಮ ಹೆಸರು ಇದೆಯಾ ಅಂತ ಕೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಭಯಾರಣ್ಯಕ್ಕೆ, ರಾಷ್ಟ್ರೀಯ ಉದ್ಯಾನಕ್ಕೆ ಸಂಶೋಧನೆಗೆ ಹೋಗಲು ಅನುಮತಿ ಬೇಕು. ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಬೆಂಗಳೂರಿನ ಅರಣ್ಯ ಭವನದಲ್ಲಿ ಅದನ್ನು ಕೊಡುತ್ತಾರೆ, ಆಮೇಲೆ ವಿಭಾಗದ ಕಚೇರಿಗೆ ಬರುತ್ತದೆ. ಸೋಮೇಶ್ವರ, ಮೂಕಾಂಬಿಕಾ, ಕುದುರೆಮುಖ ಆದರೆ ಕಾರ್ಕಳದಲ್ಲಿರುವ ಕುದುರೆಮುಖ ವನ್ಯಜೀವಿ ವಿಭಾಗ. ಹೆಸರಿಲ್ಲದೆ ಒಳಗೆ ಹೋಗಿ ಗಾರ್ಡ್ ಕೈಗೆ ಸಿಕ್ಕಿದರೆ ಸಂಸ್ಥೆಯ ಟೀಶರ್ಟ್ ನಿಮ್ಮನ್ನು ಕಾಪಾಡುವುದಿಲ್ಲ. ಇನ್ನೊಂದು, ಪರ್ಮಿಟ್ ತಡವಾಗುವುದು ಮಾಮೂಲಿ. ಡಿಸೆಂಬರ್ 1 ಅಂದದ್ದು ಜನವರಿಗೆ ಹೋಗಬಹುದು. ಕಾಗದ ಬರುವ ತನಕ ಈಗಿನ ಕೆಲಸ, ಟ್ಯೂಷನ್, ಪಿಜಿ ರೂಮು ಯಾವುದನ್ನೂ ಬಿಡಬೇಡಿ.

ಸಂಬಳದ ಮಾತು ಕೇಳಲು ನಾಚಿಕೆ ಬೇಡ. ನೆಟ್, ಗೇಟ್ ಪರೀಕ್ಷೆ ಪಾಸಾಗಿ ಸರ್ಕಾರಿ ಅನುದಾನದ ಪ್ರಾಜೆಕ್ಟ್‌ನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧಕರು) ಆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಮನೆಬಾಡಿಗೆ ಭತ್ಯೆ ಬೇರೆ. ಸೀಸನ್ ಸಹಾಯಕರಿಗೆ ಅದಕ್ಕಿಂತ ಕಡಿಮೆ. ಎಷ್ಟು ಕಡಿಮೆ ಅನ್ನುವುದು ಪ್ರಾಜೆಕ್ಟ್ ಮೇಲೆ, ಆದರೆ ಊಟ, ಪ್ರಯಾಣ, ಅಪಘಾತ ವಿಮೆ ಅದರೊಳಗೋ ಹೊರಗೋ ಅನ್ನುವುದನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ. ಮಳೆ ಬಂದು ಕ್ಯಾಂಪ್‌ನಲ್ಲಿ ಸುಮ್ನೆ ಕೂತ ದಿನಕ್ಕೆ ಸಂಬಳ ಇದೆಯಾ ಅಂತಲೂ ಕೇಳಿ. ಆನೆ ತುಳಿದ ಕ್ಯಾಮೆರಾದ ದುಡ್ಡು ನಿಮ್ಮ ಸಂಬಳದಿಂದ ಕಡಿತ ಅಂತ ಎಲ್ಲಾದರೂ ಬರೆದಿದ್ದರೆ ಸಹಿ ಹಾಕದೆ ಎದ್ದು ಬನ್ನಿ.

ಮನೆಯವರ ಹೆದರಿಕೆ ಬಗ್ಗೆ. ಅದನ್ನು ನಾನು ತಮಾಷೆ ಮಾಡುವುದಿಲ್ಲ. ಆದರೆ ಅವರ ಹೆದರಿಕೆ ಹುಲಿ, ಆನೆಯದ್ದು. ನೀವು ಕೇಳಬೇಕಾದ್ದು ಬೇರೆ. ಕ್ಯಾಂಪ್‌ನಲ್ಲಿ ಇನ್ನೊಬ್ಬ ಹೆಂಗಸು ಇದ್ದಾರಾ, ಒಳಗಿನಿಂದ ಚಿಲಕ ಹಾಕುವ ರೂಮು, ಬಚ್ಚಲು ಇದೆಯಾ, ತಂಡದ ಹಿರಿಯನ ಮೇಲೆಯೇ ದೂರು ಇದ್ದರೆ ಯಾರಿಗೆ ಹೇಳಬೇಕು. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ತಾತ್ಕಾಲಿಕ ಸಿಬ್ಬಂದಿಗೂ, ಸಂಬಳ ಇಲ್ಲದ ವಾಲಂಟಿಯರ್‌ಗೂ ಅನ್ವಯಿಸುತ್ತದೆ. ಹತ್ತು ಜನ ಇರುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು, ಅದಕ್ಕಿಂತ ಸಣ್ಣದಾದರೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಫೋನ್ ಇಂಟರ್‌ವ್ಯೂನಲ್ಲೇ ಇದನ್ನು ಕೇಳಿ. ಉತ್ತರ ಕೊಡುವಾಗ ಅವರು ತಡವರಿಸಿದರೆ ನಿಮಗೆ ಬೇಕಾದ್ದು ಗೊತ್ತಾಯಿತು ಅಲ್ವಾ. ಅಪ್ಪ ಅಮ್ಮನಿಗೆ ಕ್ಯಾಂಪ್‌ನ ಜಾಗ, ತಂಡದ ಇಬ್ಬರ ನಂಬರ್, ಯಾವ ದಿನ ಫೋನ್ ಬರುತ್ತದೆ ಅನ್ನುವುದನ್ನು ಬರೆದುಕೊಟ್ಟು ಹೋಗಿ. ಬಾರದ ದಿನ ಯಾರನ್ನು ಕೇಳಬೇಕು ಅಂತಲೂ.

ನಿಜವಾಗಿ ಹೆದರಬೇಕಾದ್ದು ಸಣ್ಣ ಸಣ್ಣ ವಸ್ತುಗಳಿಗೆ. ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಹರಡುವುದು ಉಣ್ಣಿಯಿಂದ, ಜೋರಾಗುವುದು ಡಿಸೆಂಬರ್‌ನಿಂದ ಮೇ ಒಳಗೆ, ಅಂದರೆ ಸರಿಯಾಗಿ ಕ್ಯಾಮೆರಾ ಸೀಸನ್‌ಗೆ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ, ತರಗೆಲೆ ರಾಶಿಯ ಮೇಲೆ ಕೂರಬೇಡಿ, ಸಂಜೆ ಮೈ ಪೂರ್ತಿ ನೋಡಿಕೊಳ್ಳಿ, ಸತ್ತ ಮಂಗ ಕಂಡರೆ ಮುಟ್ಟದೆ ಗಾರ್ಡ್‌ಗೆ ತಿಳಿಸಿ. ಮಳೆಗಾಲದ ಕೆಲಸಕ್ಕೆ ಇಲಿಜ್ವರದ್ದು ಇದೇ ಕಥೆ. ಯಾವ ಜ್ವರ ಬಂದರೂ ಡಾಕ್ಟರಿಗೆ ಕಾಡಿನಲ್ಲಿ, ಗದ್ದೆಯಲ್ಲಿ ಇದ್ದೆ ಅಂತ ಮೊದಲು ಹೇಳಿ. ಹಾವಿನ ಪ್ರತಿವಿಷ ನಮ್ಮಲ್ಲಿ ಸಿಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ. ಕಾಳಿಂಗಕ್ಕೂ ಗುಳಿಮಂಡಲಕ್ಕೂ ಅದು ಹೊಂದುವುದಿಲ್ಲ. ಫೋಟೋ ತೆಗೆಯಲು ಕೈ ಹತ್ತಿರ ಒಯ್ಯುವ ಹುಡುಗರ ಪಕ್ಕ ನಿಲ್ಲಬೇಡಿ. ಉಂಬಳಕ್ಕೆ ಮಾತ್ರ ಹೆದರಬೇಡಿ, ತುರಿಕೆ ಬಿಟ್ಟರೆ ಅದು ಏನೂ ಮಾಡುವುದಿಲ್ಲ.

ಕೊನೆಗೆ ಹೆಬ್ರಿಯ ಕೆಲಸ. ಇಲ್ಲಿ ನೀವು ಕೆಲಸ ಕೊಡುವವರು, ಹಾಗಾಗಿ ಮೇಲೆ ಹೇಳಿದ್ದೆಲ್ಲ ನಿಮಗೇ ತಿರುಗುತ್ತದೆ. ಊರಿನ ಸಹಾಯಕರನ್ನು ಹುಡುಕಲು ಗಾರ್ಡ್‌ನ ಹತ್ತಿರ ಮಾತ್ರ ಕೇಳಬೇಡಿ, ಅವರು ತಮ್ಮ ವಾಚರ್‌ನನ್ನೇ ತೋರಿಸುತ್ತಾರೆ. ಬೆಳಿಗ್ಗೆ ಹಾಲಿನ ಡೈರಿ ಹತ್ತಿರ ನಿಲ್ಲಿ, ಪಂಚಾಯತ್ ಸದಸ್ಯರನ್ನು ಕೇಳಿ, ಘಟ್ಟದ ಬುಡಕಟ್ಟಿನ ಮಲೆಕುಡಿಯರ ಮನೆಗಳಿಗೆ ಹೋಗಿ ಮಾತಾಡಿ. ಕಾಡಿನ ದಾರಿ ಅವರಷ್ಟು ಗೊತ್ತಿರುವವರು ಯಾರೂ ಇಲ್ಲ. ಒಬ್ಬರನ್ನು ನಂಬಿ ಕೂರಬೇಡಿ, ಇಬ್ಬರಿಗೆ ಹೇಳಿಡಿ.

ಅವರ ವರ್ಷದ ಲೆಕ್ಕ ನಿಮ್ಮ ಸೀಸನ್‌ಗೆ ಸರಿಯಾಗಿ ಅಡ್ಡ ಬರುತ್ತದೆ. ನವೆಂಬರ್ ನಂತರ ಅಡಿಕೆ ಕೊಯ್ಲು. ಮರ ಹತ್ತುವವರಿಗೆ ದಿನದ ಸಂಬಳ ಎಷ್ಟು ಅಂತ ಮೊದಲು ಊರಿನಲ್ಲಿ ವಿಚಾರಿಸಿ, ಬಜೆಟ್ ಅದರ ಮೇಲೆ ಹಾಕಿ. ಅದಕ್ಕಿಂತ ಕಡಿಮೆ ಕೊಟ್ಟು "ಕಾಡು ಉಳಿಸುವ ಕೆಲಸ ಅಲ್ವಾ" ಅಂದರೆ ಎರಡನೇ ವಾರ ಆತ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಕೋಲ, ಕಂಬಳ, ಊರಿನ ಜಾತ್ರೆಯ ದಿನಗಳನ್ನು ಮೊದಲೇ ಕೇಳಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಆ ದಿನ ರಜೆ. ದುಡ್ಡು ವಾರ ವಾರ ಕೊಡಿ, ವಿಶ್ವವಿದ್ಯಾಲಯದ ಬಿಲ್ ಪಾಸಾಗುವ ತನಕ ಕಾಯಿಸಬೇಡಿ, ಅದಕ್ಕೆ ಮುಂಗಡ ತೆಗೆದಿಡಲು ಮೇಷ್ಟ್ರಿಗೆ ಈಗಲೇ ಹೇಳಿ. ಅವರ ಹೆಸರನ್ನೂ ಪರ್ಮಿಟ್‌ಗೆ ಹಾಕಿಸಿ, ವಿಮೆಗೂ ಹಾಕಿಸಿ. ಅರ್ಜಿ ಹೋಗುವ ದಿನವೇ ಹಾಕಿಸಬೇಕು, ಆಮೇಲೆ ಸೇರಿಸುವುದು ರಗಳೆ. ಆಧಾರ್ ಪ್ರತಿ ಈ ತಿಂಗಳೇ ತೆಗೆದುಕೊಂಡಿಡಿ, ಮಳೆ ಜೋರಾದ ಮೇಲೆ ಅಲ್ಲಿಗೆ ಬಸ್ಸು ಸಿಗುವುದು ಕಷ್ಟ.